ಹೆಗ್ಗೋಡಿನ ರಂಗತಪಸ್ವಿ ಕೆ. ವಿ. ಸುಬ್ಬಣ್ಣನವರು

ನಾಟ್ಯವೇದದ ಉತ್ಪತ್ತಿಯನ್ನು ಭರತಮುನಿಯು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ವಿವರಿಸಿದ್ದಾನೆ. ನಾಲ್ಕು ವೇದಗಳನ್ನು ಕೇಳುವ ಅಧಿಕಾರವು ಎಲ್ಲರಿಗೂ ಇಲ್ಲದಿದ್ದುದರಿಂದ, ಸಮಸ್ತ ವರ್ಣದವರಿಗೂ ಸಲ್ಲುವಂತಹ ಐದನೆಯ ವೇದವೊಂದನ್ನು ಕರುಣಿಸಬೇಕೆಂದು ದೇವತೆಗಳು ಬ್ರಹ್ಮನನ್ನು ಬೇಡಿಕೊಂಡರು. ಆಗ ಆತನು ಋಗ್ವೇದದಿಂದ ಪಾಠ್ಯವನ್ನೂ, ಸಾಮವೇದದಿಂದ ಗೀತವನ್ನೂ, ಯಜುರ್ವೇದದಿಂದ ಅಭಿನಯವನ್ನೂ, ಅಥರ್ವವೇದದಿಂದ ರಸವನ್ನೂ ತೆಗೆದು ನಾಟ್ಯವನ್ನು ನಿರ್ಮಿಸಿದನು. ಈ ಕಥೆಯ ತಿರುಳು ಸ್ಪಷ್ಟವಾಗಿದೆ. ನಾಟ್ಯವು ಹುಟ್ಟಿದ್ದೇ, ಬೇರೆ ವಿದ್ಯೆಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗಾಗಿ.

ಆದರೆ ಶಾಸ್ತ್ರದಲ್ಲಿ ಸರ್ವರಿಗೂ ಸಂದ ವಸ್ತು ಲೋಕದಲ್ಲಿ ಸರ್ವರಿಗೂ ದಕ್ಕಿತೆಂದು ಹೇಳುವಂತಿಲ್ಲ. ಸಂಸ್ಕೃತ ನಾಟಕವು ಅರಸರ ಆಸ್ಥಾನವನ್ನು ಆಶ್ರಯಿಸಿತು. ಆಧುನಿಕ ನಾಟಕವು ನಗರವನ್ನು ಆಶ್ರಯಿಸಿತು. ಹಳ್ಳಿಗೆ ಬಯಲಾಟ ಯಕ್ಷಗಾನಗಳು ಉಳಿದವು. ಅವು ಸಂಪನ್ನವಾದ ಕಲೆಗಳೇ ಹೌದು. ಆದರೂ ಕಾಳಿದಾಸ, ಷೇಕ್ಸ್‌ಪಿಯರ್ ಮೊದಲಾದವರು ಹಳ್ಳಿಯ ಒಕ್ಕಲಿಗನಿಗೆ ಒಗ್ಗುವವರಲ್ಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಹಳ್ಳಿಯವರಲ್ಲಿಯೂ ಸಮನಾಗಿ ಬೇರೂರಿತ್ತು. ಆ ಭಾವನೆಯನ್ನು ಅಳಿಸುವುದಕ್ಕಾಗಿ ತಮ್ಮ ಜೀವಮಾನವನ್ನೇ ಮುಡಿಪಾಗಿಟ್ಟವರು ಹೆಗ್ಗೋಡಿನ ಕುಂಟಗೋಡು ವಿಭೂತಿ ಸುಬ್ಬಣ್ಣನವರು.

ಸುಬ್ಬಣ್ಣನವರು ೧೯೩೨ನೆಯ ಇಸವಿ ಫೆಬ್ರವರಿ ೨೦ರಂದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಅಡಕೆ ಬೆಳೆಗಾರರ ಕುಟುಂಬದಲ್ಲಿ ಜನಿಸಿದರು. ಉನ್ನತ ವಿದ್ಯಾಭ್ಯಾಸಕ್ಕಾಗಿ ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿ ಕನ್ನಡವನ್ನು ವಿಶೇಷವಾಗಿ ಅಭ್ಯಸಿಸಿದರು. ಕುವೆಂಪು ಅವರಂತಹ ಆಚಾರ್ಯರ ಪ್ರಭಾವಲಯದಲ್ಲಿ ಬೆಳೆಯುವ ಭಾಗ್ಯ ಅವರದಾಯಿತು. ಆ ಕಾಲದಲ್ಲಿ ಅಷ್ಟು ಓದಿದವರಿಗೆ ನಗರದಲ್ಲಿ ಅಧ್ಯಾಪಕ ಪದವಿಯಾಗಲಿ ಸರ್ಕಾರದ ಅಧಿಕಾರವಾಗಲಿ ದುರ್ಲಭವಾಗಿರಲಿಲ್ಲ. ಓದಿದ ಮಗನು ಊರು ಬಿಡುವುದೇ ವಿದ್ಯೆಯ ಫಲವೆಂದು ಜನರು ತಿಳಿದಿದ್ದ ದಿನಗಳವು. ಸುಬ್ಬಣ್ಣನವರಾದರೋ ಓದು ಮುಗಿಸಿ ಹುಟ್ಟೂರಿಗೆ ಹಿಂದಿರುಗಿದರು. ಅಡಕೆಯ ತೋಟವನ್ನು ನೋಡಿಕೊಂಡು ಅಲ್ಲಿಯೇ ನೆಲೆನಿಂತರು. ಅವರ ಮುಂದಿನ ಸಾಧನೆಗೆಲ್ಲ ಈ ಹಿಂದಿರುಗುವಿಕೆಯೇ ಬೀಜವೆನ್ನಬೇಕು.

೧೯೪೯ರಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿ, ಅವರು ಊರಿನ ಗೆಳೆಯರೊಡನೆ ಕೂಡಿ ‘ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ’ವನ್ನು ಕಟ್ಟಿದ್ದರು. ಮುಂದೆ ‘ನೀನಾಸಂ’ ಎಂಬ ಹ್ರಸ್ವನಾಮದಿಂದ ದೇಶವಿದೇಶಗಳಲ್ಲಿ ಪ್ರಸಿದ್ಧವಾದ ಸಂಸ್ಥೆಯು ಇದೇ. ಆ ಕಾಲದ ಸಾಗರ ಸೀಮೆಯ ಸ್ಥಿತಿಯನ್ನು ಇಲ್ಲಿ ನೆನೆಯುವುದು ಅವಶ್ಯಕ. ಸಂಘವು ಹುಟ್ಟಿದ ಎರಡೇ ವರ್ಷಗಳಲ್ಲಿ, ೧೯೫೧ರಲ್ಲಿ, ಅದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರ ಸತ್ಯಾಗ್ರಹ ನಡೆಯಿತು. ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಭೂಮಿಯ ಒಡೆಯರಿಗೂ ಉಳುವವರಿಗೂ ನಡುವೆ ಇದ್ದ ಸಂಬಂಧವು ಬುಡಸಹಿತ ಅಲುಗಾಡುತ್ತಿದ್ದ ಆ ನೆಲದಲ್ಲಿ, ಸಮಾಜವಾದಿ ಚಿಂತನೆಯ ಗಾಳಿಯನ್ನು ಉಸಿರಾಡಿಕೊಂಡೇ ಸುಬ್ಬಣ್ಣನವರ ಮನಸ್ಸು ಹದಗೊಂಡಿತು. ಸಮಾಜವು ಬದಲಾಗಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ನಾಟಕವು ಆ ಬದಲಾವಣೆಗೆ ಹೇಗೆ ಒದಗೀತೆಂಬುದೇ ಅವರ ಜೀವನದ ಪ್ರಶ್ನೆಯಾಯಿತು.

ಬೈರಮಂಗಲ, ಬಿಡದಿ, ಮಾಗಡಿ, ಕನಕಪುರಗಳ ಸುತ್ತಣ ನಮ್ಮ ಹಳ್ಳಿಗಳಿಗೆ ನಾಟಕವು ಹೊಸದಲ್ಲ. ಊರಹಬ್ಬ ಬಂದಿತೆಂದರೆ ನಾಟಕದ ಮೇಷ್ಟರನ್ನು ಕರೆಸಿ, ಹಾರ್ಮೋನಿಯಂ ಹೂಡಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಪಾತ್ರಧಾರಿಗಳೇ ಕೈಯಿಂದ ಹಣ ಹಾಕಿ, ‘ಕುರುಕ್ಷೇತ್ರ’ವನ್ನೋ ‘ರಾಮಾಯಣ’ವನ್ನೋ ಬೆಳಗಿನ ಜಾವದವರೆಗೆ ಆಡುವ ಪದ್ಧತಿಯನ್ನು ಬಲ್ಲವರು ಈ ಸಂಪುಟದ ಓದುಗರಲ್ಲಿ ಬಹುಮಂದಿ. ಅಲ್ಲಿಯ ಉತ್ಸಾಹಕ್ಕೆ ಎಣೆಯಿಲ್ಲ. ಆದರೆ ಸೀನರಿಯನ್ನು ಕಳಚಿದೊಡನೆ ಆ ಉತ್ಸಾಹವೂ ಗಂಟುಕಟ್ಟಿ ಹೋಗುತ್ತದೆ. ಮುಂದಿನ ಹಬ್ಬದವರೆಗೆ ಊರು ಮತ್ತೆ ತನ್ನ ಪಾಡಿಗೆ ತಾನಿರುತ್ತದೆ. ಸುಬ್ಬಣ್ಣನವರು ಕಂಡುಕೊಂಡ ಕೆಲಸ ಇಲ್ಲಿಯೇ ಇತ್ತು. ಒಂದಿರುಳಿನ ಉತ್ಸಾಹಕ್ಕೆ ವರ್ಷವಿಡೀ ಉರಿಯುವ ಸೊಡರಿನ ಸ್ಥಿರತೆಯನ್ನು ಕೊಡಬೇಕು. ಹಬ್ಬವನ್ನು ಅಭ್ಯಾಸವನ್ನಾಗಿ ಮಾರ್ಪಡಿಸಬೇಕು.

ಇದಕ್ಕಾಗಿ ಅವರು ಒಂದೊಂದೇ ಕಲ್ಲನ್ನಿಟ್ಟು ಕಟ್ಟುತ್ತ ಹೋದರು. ಐವತ್ತರ ದಶಕದಲ್ಲಿ ‘ಅಕ್ಷರ ಪ್ರಕಾಶನ’ವನ್ನು ಆರಂಭಿಸಿ, ಪಟ್ಟಣದಿಂದ ದೂರವಿದ್ದ ಹಳ್ಳಿಯಿಂದಲೇ ಕನ್ನಡದ ಗಣ್ಯ ಗ್ರಂಥಗಳನ್ನು ಹೊರತಂದರು. ೧೯೭೨ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರವು ಸಿದ್ಧವಾಯಿತು. ಮರುವರ್ಷವೇ ಚಿತ್ರಸಮಾಜವು ಹುಟ್ಟಿತು. ಸತ್ಯಜಿತ್ ರಾಯ್, ಅಕಿರಾ ಕುರೊಸಾವಾ ಮೊದಲಾದವರ ಚಿತ್ರಗಳನ್ನು ನಗರವಾಸಿಗಳೂ ನೋಡಲು ತಿಣುಕುತ್ತಿದ್ದ ಆ ಕಾಲದಲ್ಲಿ ಮಲೆನಾಡಿನ ಕೃಷಿಕರು ಅವನ್ನು ನೋಡಿ ಚರ್ಚಿಸಿದರು. ಭಾಷೆ ತಿಳಿಯದಿದ್ದರೂ ಬಡತನದ ದುಃಖವೂ ತಾಯಿಯ ಸಂಕಟವೂ ಅವರಿಗೆ ತಿಳಿದವು. ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವು ಪ್ರಾರಂಭವಾಗಿ, ನಾಡಿನ ನಾನಾ ಭಾಗಗಳ ತರುಣ ತರುಣಿಯರು ಅಲ್ಲಿ ಶಾಸ್ತ್ರೀಯವಾದ ರಂಗಶಿಕ್ಷಣವನ್ನು ಪಡೆಯತೊಡಗಿದರು. ೧೯೮೫ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ತಂಡವು ಹೊರಟಿತು. ಯಕ್ಷಗಾನ ಮೇಳಗಳ ಹಳೆಯ ಪದವನ್ನೇ ಹೊತ್ತ ಈ ತಂಡವು ಪ್ರತಿವರ್ಷ ಹೊಸ ನಾಟಕಗಳನ್ನು ಸಿದ್ಧಪಡಿಸಿ, ಕರ್ನಾಟಕದ ಊರೂರುಗಳಿಗೆ ಕೊಂಡೊಯ್ದು ಆಡಿತು. ಶಾಲೆಯ ಸಭಾಂಗಣವಾದರೂ ಸರಿ, ಸಂತೆಯ ಮೈದಾನವಾದರೂ ಸರಿ, ಅದೇ ರಂಗಸ್ಥಳವಾಯಿತು.

ಇವುಗಳ ನಡುವೆ, ೧೯೮೩ರ ಸುಮಾರಿಗೆ ಆರಂಭವಾದ ‘ಜನಸ್ಪಂದನ’ ಯೋಜನೆಯನ್ನು ಪ್ರತ್ಯೇಕವಾಗಿ ಸ್ಮರಿಸಬೇಕು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಈ ಕಾರ್ಯದಲ್ಲಿ ನೀನಾಸಂ ತಂಡದವರು ನಾಡಿನ ಉದ್ದಗಲಕ್ಕೂ ಹಳ್ಳಿಗಳಿಗೆ ಹೋಗಿ ನಾಟಕ ಮತ್ತು ಚಲನಚಿತ್ರಗಳ ಶಿಬಿರಗಳನ್ನು ನಡೆಸಿದರು. ಉತ್ತರ ಕನ್ನಡ ಜಿಲ್ಲೆಯ ಮಂಚಿಕೇರಿಯ ಸಿದ್ದಿ ಜನರೊಡನೆ ನಡೆದ ಕೆಲಸವು ಅವುಗಳಲ್ಲಿ ಮುಕುಟಪ್ರಾಯವಾದುದು. ಶತಮಾನಗಳ ಹಿಂದೆ ಆಫ್ರಿಕಾ ಖಂಡದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರಾದ ಸಿದ್ದಿಗಳು ಕಾಡಂಚಿನಲ್ಲಿ ಬಡತನದಿಂದಲೂ ಅವಮಾನದಿಂದಲೂ ಬದುಕುತ್ತಿದ್ದರು. ಅವರೇ ಪಾತ್ರಧಾರಿಗಳಾಗಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಆಡಿದರು. ತಮ್ಮ ಪೂರ್ವಿಕರ ಖಂಡದ ಕಥೆಯನ್ನು ಕನ್ನಡದ ಮಾತಿನಲ್ಲಿ, ತಮ್ಮದೇ ಹಾಡು ಕುಣಿತಗಳ ನಡುವೆ ಆಡುವ ಆ ಜನರನ್ನು, ಅದುವರೆಗೆ ಅವರನ್ನು ಕೂಲಿಯಾಳುಗಳೆಂದು ಮಾತ್ರ ಕಂಡಿದ್ದವರು ಎದುರಿಗೆ ಕುಳಿತು ನೋಡುವಂತಾಯಿತು. ಸಿದ್ದಿ ಸಮುದಾಯದ ಕೆಲವರು ಮುಂದೆ ನೀನಾಸಂನಲ್ಲಿ ಶಿಕ್ಷಣ ಪಡೆದು ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಹೆಸರುಗಳಿಸಿದರು.

ನಾಟಕದಿಂದ ಸಮಾಜ ಪರಿವರ್ತನೆಯಾಗಬೇಕೆಂಬ ಹಂಬಲವು ಆ ಕಾಲದ ಕನ್ನಡ ರಂಗಭೂಮಿಯಲ್ಲಿ ಬೇರೆ ರೂಪದಲ್ಲಿಯೂ ಪ್ರಕಟವಾಗಿತ್ತು. ೧೯೭೫ರಲ್ಲಿ ರೂಪುಗೊಂಡ ‘ಸಮುದಾಯ’ ತಂಡವು ಬೀದಿನಾಟಕಗಳ ಮೂಲಕ ಅನ್ಯಾಯವನ್ನು ನೇರವಾಗಿ ಹೆಸರಿಸಿ ಪ್ರತಿಭಟಿಸಿತು. ಅದರ ಸೇವೆಯು ದೊಡ್ಡದು. ಸುಬ್ಬಣ್ಣನವರ ಮಾರ್ಗವು ಇದಕ್ಕಿಂತ ನಿಧಾನವಾದುದು. ಅವರು ಸಂಸ್ಕೃತದ ಪ್ರಾಚೀನ ನಾಟಕಗಳನ್ನೂ ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ಹಳ್ಳಿಗರ ಮುಂದಿಟ್ಟರು. ಸ್ವತಃ ನಿರ್ದೇಶಿಸಿದರು, ಅನುವಾದಿಸಿದರು. ಕಾಳಿದಾಸನ ಶಾಕುಂತಲವು ಅವರ ಕೈಯಲ್ಲಿ ‘ಲೋಕಶಾಕುಂತಲ’ವಾಯಿತು. ಹಸಿದವರಿಗೆ ಕಾಳಿದಾಸನೇಕೆ, ಕೂಲಿಯವರಿಗೆ ವಿದೇಶದ ಚಿತ್ರಗಳೇಕೆಂದು ಆಕ್ಷೇಪಿಸಿದವರು ಇಲ್ಲದಿರಲಿಲ್ಲ. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಾಟಕವನ್ನು ನೋಡಿ ಯಾರ ಗೇಣಿಯೂ ಇಳಿಯಲಿಲ್ಲವೆಂಬುದು ನಿಜವೇ. ಆದರೆ ಒಳ್ಳೆಯದು ಉಳ್ಳವರಿಗೆ, ಸಾಧಾರಣವಾದುದು ಇಲ್ಲದವರಿಗೆ ಎಂದು ಮೊದಲೇ ಹಂಚಿಬಿಡುವುದು ಕೂಡ ಒಂದು ಬಗೆಯ ಅಸ್ಪೃಶ್ಯತೆಯೇ ಅಲ್ಲವೆ? ಊರಿನ ಎಲ್ಲ ಜಾತಿಯ ಜನರೂ ಒಂದೇ ಮಂದಿರದಲ್ಲಿ ಕುಳಿತು, ಒಂದೇ ಕಥೆಗೆ ಕಣ್ಣೀರು ಮಿಡಿದು, ಮಾರನೆಯ ದಿನ ಅದರ ಗುಣದೋಷಗಳನ್ನು ಸಮಾನರಾಗಿ ವಿಚಾರ ಮಾಡುವುದಾದರೆ, ಅದು ಸ್ವತಃ ಪರಿವರ್ತನೆಯೇ ಸರಿ. ಸುಬ್ಬಣ್ಣನವರ ಜೀವನವನ್ನೆಲ್ಲ ನೋಡಿದರೆ ಅವರು ನಂಬಿ ನಡೆದದ್ದು ಇದನ್ನೇ ಎಂದು ತೋರುತ್ತದೆ.

ಅವರು ಕೇವಲ ಸಂಘಟಕರಾಗಿರದೆ ಆಳವಾದ ಚಿಂತಕರೂ ಆಗಿದ್ದರು. ‘ಶ್ರೇಷ್ಠತೆಯ ವ್ಯಸನ’ ಎಂಬ ಅವರ ಪ್ರಸಿದ್ಧ ಲೇಖನವನ್ನು ಉಪಾಧ್ಯಾಯರಾದವರು ಅವಶ್ಯವಾಗಿ ಓದಬೇಕು. ಎಲ್ಲರಿಗಿಂತ ಮಿಗಿಲಾಗಬೇಕೆಂಬ ಚಟವು ಮನುಷ್ಯನನ್ನು ತನ್ನ ಸಮುದಾಯದಿಂದ ಬೇರ್ಪಡಿಸುತ್ತದೆಂಬ ಅಲ್ಲಿಯ ವಿಚಾರವು, ಅಂಕಗಳ ಹಿಂದೆ ಮಕ್ಕಳನ್ನು ಓಡಿಸುವ ನಮ್ಮೆಲ್ಲರ ಕಣ್ಣು ತೆರೆಸುವಂತಹುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಅವರು ಹೊಸ ದೃಷ್ಟಿಯಿಂದ ಅಧ್ಯಯನ ಮಾಡಿದರು. ಕನ್ನಡ ನಾಡು ವಿಶ್ವದಲ್ಲಿ ಕರಗಿಯೂ ತನ್ನತನವನ್ನು ಉಳಿಸಿಕೊಂಡಿರುವ ಬಗೆಯನ್ನು ಆ ಪ್ರಾಚೀನ ಗ್ರಂಥವು ಹೇಗೆ ಕಂಡಿದೆಯೆಂಬುದನ್ನು ಎತ್ತಿ ತೋರಿಸಿದರು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಎಂಬ ಅವರ ಕೃತಿಗೆ ೨೦೦೩ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹಳ್ಳಿಯಲ್ಲಿದ್ದುಕೊಂಡೇ ಜಗತ್ತನ್ನು ಕಾಣಬಹುದೆಂದು ಗ್ರಂಥದಲ್ಲಿ ಓದಿದ್ದನ್ನು ಅವರು ಹೆಗ್ಗೋಡಿನಲ್ಲಿ ಮಾಡಿ ತೋರಿಸಿದ್ದರೆಂಬುದೇ ಅವರ ಪಾಂಡಿತ್ಯದ ವಿಶೇಷ.

೧೯೯೧ರಲ್ಲಿ ಫಿಲಿಪ್ಪೀನ್ಸಿನ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿಯು ಅವರನ್ನು ಅರಸಿಕೊಂಡು ಬಂದಿತು. ಏಷ್ಯಾ ಖಂಡದ ಗಮನವು ಅಡಕೆ ತೋಟಗಳ ನಡುವಣ ಸಣ್ಣ ಊರಿನತ್ತ ಹರಿಯಿತು. ಆ ಕೀರ್ತಿಯಾದರೂ ಅವರನ್ನು ಊರಿನಿಂದ ಕದಲಿಸಲಿಲ್ಲ. ೨೦೦೫ನೆಯ ಇಸವಿ ಜುಲೈ ೧೬ರಂದು ಅವರು ಇಹಲೋಕವನ್ನು ತ್ಯಜಿಸಿದರು. ಸ್ಥಾಪಕರು ಕಣ್ಮರೆಯಾದೊಡನೆ ಸಂಸ್ಥೆಗಳು ಕುಸಿಯುವುದು ಲೋಕರೂಢಿ. ನೀನಾಸಂಗೆ ಹಾಗಾಗಲಿಲ್ಲ. ಪುತ್ರರಾದ ಶ್ರೀ ಕೆ. ವಿ. ಅಕ್ಷರ ಅವರೂ ಅನೇಕ ಸಹಕಾರಿಗಳೂ ಆ ಕಾರ್ಯವನ್ನು ಮುಂದುವರಿಸಿದರು. ರಂಗಶಿಕ್ಷಣವೂ ತಿರುಗಾಟವೂ ಸುಬ್ಬಣ್ಣನವರ ತರುವಾಯವೂ ನಡೆದುಕೊಂಡು ಬಂದಿವೆ. ತಾವೊಬ್ಬರೇ ಹೊರದೆ ಎಲ್ಲರ ಹೆಗಲಿಗೂ ಹಂಚಿದ್ದ ಹೊರೆಯಾದುದರಿಂದಲೇ ಅದು ಕೆಳಗೆ ಬೀಳಲಿಲ್ಲ.

ವಿದ್ಯಾದಾನಕ್ಕೆ ತೊಡಗಿದವರಿಗೂ, ಅದಕ್ಕೆ ದ್ರವ್ಯ ನೀಡಿ ಪೋಷಿಸಿದವರಿಗೂ, ಇಲ್ಲಿ ಕಲಿತು ದೂರದ ಊರುಗಳಿಗೆ ಹೋಗಿರುವವರಿಗೂ ಈ ಜೀವನದಲ್ಲಿ ಒಂದು ಪಾಠವಿದೆ. ಗ್ರಾಮದ ಶಾಲೆಯು ಬುದ್ಧಿವಂತರನ್ನು ಆರಿಸಿ ಹೊರಗೆ ಕಳಿಸುವ ಜರಡಿಯಾದರೆ ಸಾಲದು. ಕಲಿತದ್ದು ಒಂದಲ್ಲ ಒಂದು ರೂಪದಲ್ಲಿ ಊರಿಗೆ ಮರಳಿ ಬರಬೇಕು. ಎಲ್ಲರೂ ಹೆಗ್ಗೋಡನ್ನು ಕಟ್ಟಲಾರರು. ಆದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡುವ ಒಂದು ನಾಟಕವನ್ನಾದರೂ ಒಳ್ಳೆಯದನ್ನೇ ಆರಿಸಿ, ಶ್ರದ್ಧೆಯಿಂದ ಕಲಿಸಿ, ಊರಿನವರೆಲ್ಲರನ್ನೂ ಭೇದವಿಲ್ಲದೆ ಕರೆದು ಕೂರಿಸಿ, ಮಾರನೆಯ ದಿನ ಅದನ್ನು ಕುರಿತು ನಾಲ್ಕು ಮಾತು ಆಡಿಸಲು ಯಾರಿಗೂ ಅಸಾಧ್ಯವಲ್ಲ. ಸರ್ವರಿಗೂ ಸಲ್ಲುವ ಐದನೆಯ ವೇದವು ಅಂತಹ ಸಭೆಗಳಲ್ಲಿಯೇ ನಿತ್ಯನೂತನವಾಗಿ ಬಾಳುತ್ತದೆ.