ಗಿರಿಶಿಖರಗಳ ಚಿತ್ರಕಾರ ಕೆ. ವೆಂಕಟಪ್ಪ

ಕನ್ನಡನಾಡಿನ ಚಿತ್ರಕಾರರಲ್ಲಿ ಬೆಟ್ಟ, ಮೋಡ, ಮಂಜು, ಸರೋವರಗಳನ್ನು ದೇವತಾಮೂರ್ತಿಗಳಿಗೆ ಸಲ್ಲುವ ಶ್ರದ್ಧೆಯಿಂದಲೇ ಚಿತ್ರಿಸಿದವರ ಪೈಕಿ ಕೆ. ವೆಂಕಟಪ್ಪನವರು ಅಗ್ರಗಣ್ಯರು. ಅವರ ಬಾಳು ಹೊರನೋಟಕ್ಕೆ ಘಟನಾಬಹುಳವಾದುದಲ್ಲ. ವಿವಾಹವಾಗಲಿಲ್ಲ, ಸಂಪತ್ತನ್ನು ಕೂಡಿಡಲಿಲ್ಲ, ಸಭೆ ಸಮಾರಂಭಗಳ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ಆದರೂ ಒಂದು ಹಿಡಿತವನ್ನು ಅವರು ಕೊನೆಯವರೆಗೂ ಸಡಿಲಿಸಲಿಲ್ಲ. ಕೈಗೆತ್ತಿಕೊಂಡ ಕೆಲಸ ತಮ್ಮ ಮನಸ್ಸಿಗೆ ಒಪ್ಪುವವರೆಗೆ ಅದು ಮುಗಿದುದೆಂದು ಯಾರಿಗೋಸ್ಕರವೂ ಒಪ್ಪಿಕೊಳ್ಳದಿರುವುದೇ ಆ ಹಿಡಿತ. ಈ ಹಟದಿಂದ ಅವರು ಪಡೆದುದೆಷ್ಟೋ, ಕಳೆದುಕೊಂಡುದೂ ಅಷ್ಟೇ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಕೃಷ್ಣಪ್ಪನವರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರು. ಆ ಮನೆತನದ ಕಲೆ ಚಿನ್ನದ ರೇಕಿನ ಕಲೆ. ದೇವರ ಕಿರೀಟ, ಪ್ರಭಾವಳಿ, ಸಿಂಹಾಸನಗಳನ್ನು ಉಬ್ಬಾಗಿ ಎತ್ತಿ, ರೇಕನ್ನು ಹೊದಿಸಿ, ಕೂದಲೆಳೆಯಂತಹ ಗೆರೆಯಿಂದ ಮುಖಭಾವವನ್ನು ತೀಡುವ ಸೂಕ್ಷ್ಮ ಕಲೆ. ಅದರಲ್ಲಿ ಮರಗಿಡಗಳಿರಲಿಲ್ಲವೆಂದಲ್ಲ. ಇದ್ದವು, ಆದರೆ ದೇವರ ಹಿಂದೆ, ಪರಿವಾರದವರಂತೆ ಕೈಕಟ್ಟಿ ನಿಂತಿದ್ದವು. ಹಿಂದೆ ನಿಂತ ಆ ಪ್ರಕೃತಿಯನ್ನು ಮುಂದಕ್ಕೆ ಕರೆದು ಪೀಠದ ಮೇಲೆ ಕುಳ್ಳಿರಿಸಿದ ಕೀರ್ತಿ ಆ ಮನೆಯ ಮಗನಿಗೇ ಸಲ್ಲಬೇಕಾಗಿತ್ತು.

ಬಾಲಕನು ಬೆಳೆದ ಕಾಲ ಮೈಸೂರಿಗೆ ವಿಶೇಷವಾದುದು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿ, ಹೊಸ ಅರಮನೆ ಏಳುತ್ತಿತ್ತು. ಅದು ಪೂರ್ಣಗೊಂಡುದು 1912ರಲ್ಲಿ. ರಾಜಾ ರವಿವರ್ಮರ ತೈಲಚಿತ್ರಗಳು ಎಲ್ಲರ ಕಣ್ಣನ್ನೂ ಸೆಳೆದಿದ್ದ ದಿನಗಳವು. ವೆಂಕಟಪ್ಪನವರು ಆ ದಾರಿ ಹಿಡಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ತರುಣನ ಪ್ರತಿಭೆಯನ್ನು ಗುರುತಿಸಿ, 1909ರಲ್ಲಿ ವಿದ್ಯಾರ್ಥಿವೇತನವಿತ್ತು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ದೊರೆತ ಗುರುಗಳು ಅವನೀಂದ್ರನಾಥ ಠಾಕೂರರು. ಸಹಪಾಠಿಗಳಲ್ಲಿ ಒಬ್ಬರು ನಂದಲಾಲ ಬಸು. ಭಾರತೀಯ ಚಿತ್ರಕಲೆ ಪರಕೀಯ ಅನುಕರಣೆಯಿಂದ ಬಿಡಿಸಿಕೊಂಡು ತನ್ನ ಬೇರುಗಳನ್ನು ಅರಸುತ್ತಿದ್ದ ಪರ್ವಕಾಲವದು. ಭಾರತೀಯ ಮೂರ್ತಿಗಳ ಅಂಗಲಕ್ಷಣವನ್ನು ಕುರಿತು ಗುರುಗಳು ರಚಿಸಿ 1914ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟವರು ನಂದಲಾಲರು ಮತ್ತು ವೆಂಕಟಪ್ಪನವರು. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಸಂಗ್ರಹದಲ್ಲಿಯೂ ಅವರ ಚಿತ್ರಗಳು ಸೇರಿದವು. ಮೂವತ್ತು ತುಂಬುವ ಮೊದಲೇ ಇಷ್ಟು ಮನ್ನಣೆ ಪಡೆದ ಚಿತ್ರಕಾರನಿಗೆ ಕಲ್ಕತ್ತೆಯಲ್ಲಿಯೇ ನೆಲೆಸುವುದು ಸುಲಭವಾಗಿತ್ತು. ಅವರು ಮೈಸೂರಿಗೆ ಹಿಂದಿರುಗಿದರು.

ಮರಳಿ ಬಂದವರನ್ನು ಮತ್ತೊಂದು ಕಲೆ ಸೆರೆಹಿಡಿಯಿತು. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ ಅವರು ವೀಣಾಭ್ಯಾಸದಲ್ಲಿ ಮುಳುಗಿದರು. ಕುಂಚ ಒಣಗಿತೆಂದು ಆಪ್ತರು ಪರಿತಪಿಸುವಷ್ಟರ ಮಟ್ಟಿಗೆ ಆ ಮೋಹ ಬೆಳೆಯಿತು. ಅವರೇ ಅದನ್ನು ಅರಿತು, ವೀಣೆಯ ಹುಚ್ಚು ಹಿಡಿದ ತಮ್ಮನ್ನು ತಾವೇ ಚಿತ್ರದ ವಸ್ತುವಾಗಿಸಿಕೊಂಡರು. ತನ್ನ ದೌರ್ಬಲ್ಯವನ್ನು ನೋಡಿ ತಾನೇ ನಗಬಲ್ಲ ಗುಣ ಕಠಿಣ ವ್ರತಿಗಳಲ್ಲಿ ಅಪರೂಪ.

1920ರ ದಶಕದಲ್ಲಿ ಅವರು ನೀಲಗಿರಿಯತ್ತ ಮುಖಮಾಡಿದರು. ಮುಂದಿನ ದಶಕದಲ್ಲಿ ಕೊಡೈಕನಾಲಿನತ್ತ. ಊಟಿಯ ಬೆಳದಿಂಗಳು, ಸೂರ್ಯೋದಯ, ಸರೋವರ, ಮುಂಗಾರಿನ ಮೇಘಗಳು, ಕೊಡೈಕನಾಲಿನ ಗಿರಿಪಂಕ್ತಿಗಳು ಅವರ ಜಲವರ್ಣದಲ್ಲಿ ಮೂಡಿದವು. ಈ ಮಾಧ್ಯಮದ ಕಷ್ಟವನ್ನು ಅರಿತವರಿಗೇ ಆ ಸಾಧನೆಯ ಬೆಲೆ ತಿಳಿಯುತ್ತದೆ. ತೈಲವರ್ಣದಲ್ಲಿ ತಪ್ಪಿದರೆ ಮೇಲೊಂದು ಲೇಪವನ್ನು ಬಳಿದು ಮುಚ್ಚಬಹುದು. ಜಲವರ್ಣದಲ್ಲಿ ಬೆಳಕೆಂಬುದು ಕಾಗದದ ಬಿಳುಪೇ. ಅದನ್ನು ಮೊದಲೇ ಉಳಿಸಿಕೊಂಡು ಬಣ್ಣ ಹರಿಸಬೇಕು, ಒಮ್ಮೆ ಕಳೆದುಹೋದ ಬಿಳುಪು ಸುಲಭವಾಗಿ ಮರಳದು. ಇನ್ನು ಮಂಜಾದರೋ ಕ್ಷಣಕ್ಕೊಂದು ರೂಪ ತಾಳುವ ವಸ್ತು. ಆಗುಂಬೆಯ ಘಾಟಿಯಲ್ಲಿ ಒಂದು ಗಳಿಗೆ ನಿಂತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಕಣ್ಣೆದುರಿಗೆ ಕರಗುವ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ದಂತದ ಫಲಕದ ಮೇಲೆ ಪ್ರತಿಮೆ ಬರೆಯುವ ಕುಶಲಿಯ ಸಾವಧಾನದಿಂದ ಕಾಗದದ ಮೇಲೆ ಇಳಿಸಿದರು ವೆಂಕಟಪ್ಪನವರು. ಅವರ ಮೋಡಗಳಲ್ಲಿ ಅಸ್ಪಷ್ಟತೆಯಿಲ್ಲ. ದೂರದ ಬೆಟ್ಟದ ಅಂಚೂ ಲೆಕ್ಕವಿಟ್ಟಂತೆ ನಿಂತಿರುತ್ತದೆ. ಇಷ್ಟೊಂದು ನಿಖರತೆ ರಸಕ್ಕೆ ಅಡ್ಡಿಯೆಂದು ಆಕ್ಷೇಪಿಸುವವರುಂಟು. ಬೆಳದಿಂಗಳ ಊಟಿಯ ಮುಂದೆ ಆ ಆಕ್ಷೇಪ ನಿಲ್ಲಲಾರದು.

ಶಿವಮೊಗ್ಗೆ-ಭದ್ರಾವತಿಗಳ ಜನರಿಗೆ ಇಲ್ಲಿ ಮತ್ತೊಂದು ಸಂಗತಿ ನೆನಪಾಗುವುದು ಸಹಜ. ವೆಂಕಟಪ್ಪನವರನ್ನು ಪೋಷಿಸಿದ ನಾಲ್ವಡಿಯವರ ಆಳ್ವಿಕೆಯಲ್ಲಿಯೇ, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಮಲೆನಾಡಿನ ಮರ ಇದ್ದಿಲಾಯಿತು. ನಾಡಿಗೆ ಕಬ್ಬಿಣವೂ ಬೇಕಾಗಿತ್ತು, ಅದರಲ್ಲಿ ವಿವಾದವಿಲ್ಲ. ಆದರೆ ಬೆಟ್ಟದಲ್ಲಿ ಅದಿರನ್ನೂ ಕಾಡಿನಲ್ಲಿ ಇದ್ದಿಲನ್ನೂ ಕಾಣಬೇಕಾಗಿದ್ದ ಅದೇ ದಶಕದಲ್ಲಿ, ಬೆಟ್ಟವನ್ನು ಕೇವಲ ಬೆಟ್ಟವಾಗಿ ಕಾಣಲೊಬ್ಬನಿಗೆ ಅರಮನೆ ಆಸರೆಯಾಗಿತ್ತೆಂಬುದನ್ನೂ ಮರೆಯಲಾಗದು.

ಚಿತ್ರದೊಡನೆ ಶಿಲ್ಪದಲ್ಲಿಯೂ ಅವರ ಕೈ ಪಳಗಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಶಿವತಾಂಡವ, ಶಕುಂತಲೆಯ ಬೀಳ್ಕೊಡುಗೆ ಮೊದಲಾದ ಉಬ್ಬುಶಿಲ್ಪಗಳನ್ನು ಅವರು ರಚಿಸಿದರು. ಅರಮನೆಯ ಅಂಬಾವಿಲಾಸಕ್ಕಾಗಿ ಇಂತಹ ಶಿಲ್ಪಗಳ ಕಾರ್ಯ ನಡೆದಿತ್ತು. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ದಿವಂಗತರಾದ ಮೇಲೆ ಆ ಕಾರ್ಯ ಮುಂದುವರಿಯಲಿಲ್ಲ. ಕಲಾವಿದನ ನಿಧಾನವನ್ನು ಸಹಿಸಿ ಕಾಯಬಲ್ಲ ಪ್ರಭುವಿಲ್ಲದ ಊರಿನಲ್ಲಿ ಅವರು ಹೆಚ್ಚು ಕಾಲ ನಿಲ್ಲದೆ ಬೆಂಗಳೂರಿಗೆ ಬಂದು ನೆಲೆಸಿದರು.

ಉಳಿದ ಕಾಲು ಶತಮಾನ ಏಕಾಂತದ ಬದುಕು. ದಿನಚರಿಯನ್ನು ಬರೆದಿಡುವ ಅಭ್ಯಾಸ ಅವರಿಗಿತ್ತು. ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋ ಗೌರವ ಅವರನ್ನು ಅರಸಿ ಬಂದಿತು. ಕೃತಿಗಳನ್ನು ಬೆಲೆಗೆ ಬಿಟ್ಟುಕೊಡುವ ವಿಷಯದಲ್ಲಿ ಅವರದು ಬಿಗಿ ನಿಲುವು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ಅವರಿಗೆ ಚಿತ್ರರಚನೆ ಕಾಯಕವಾಗಿತ್ತೇ ಹೊರತು ವ್ಯಾಪಾರವಾಗಿರಲಿಲ್ಲ. ಆದರೆ ಕಾಯಕದ ಮತ್ತೊಂದು ಮುಖವಾದ ದಾಸೋಹ ಅವರಲ್ಲಿ ಪೂರ್ಣವಾಗಿ ನೆರವೇರಿತೆನ್ನಲಾಗದು. ಅವನೀಂದ್ರನಾಥರಿಗೆ ನಂದಲಾಲರು ದೊರೆತರು, ನಂದಲಾಲರಿಂದ ಶಾಂತಿನಿಕೇತನದಲ್ಲಿ ಒಂದು ದೊಡ್ಡ ಶಿಷ್ಯಸಮುದಾಯವೇ ಬೆಳೆಯಿತು. ಅದೇ ಗುರುವಿನ ಅದೇ ಗರಡಿಯಲ್ಲಿ ಪಳಗಿದ ಕನ್ನಡಿಗ ಅಂತಹ ಶಿಷ್ಯಪರಂಪರೆಯೊಂದನ್ನು ಕಟ್ಟಲಿಲ್ಲ. ತನ್ನ ಅಳತೆಗೆ ತಾನೇ ನಿಲುಕದೆ ಪರಿತಪಿಸುವವನು ಇತರರ ತಪ್ಪುಗಳನ್ನು ತಾಳಿಕೊಂಡು ತಿದ್ದುವುದು ಕಷ್ಟ. ಪಾಠ ಹೇಳುವ ವೃತ್ತಿಯಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತಿರುವ ಸತ್ಯ. ವಿದ್ಯೆಯ ಆ ಸೂಕ್ಷ್ಮ ಮರ್ಮಗಳಲ್ಲಿ ಬಹುಪಾಲು ಅವರೊಡನೆಯೇ ಹೋದುದು ನಾಡಿನ ನಷ್ಟ.

ವೆಂಕಟಪ್ಪನವರು 1965ರಲ್ಲಿ ಕಾಲವಾದರು. ಅವರ ಬಳಿ ಉಳಿದಿದ್ದ ಚಿತ್ರಗಳೂ ಶಿಲ್ಪಗಳೂ ಚದುರಿಹೋಗದೆ ಸರ್ಕಾರದ ವಶಕ್ಕೆ ಬಂದವು. ಅವುಗಳಿಗಾಗಿ 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆಯಿತು. ಭದ್ರಾವತಿಯ ಕಾರ್ಖಾನೆಗೆ ಕಾರಣಪುರುಷರಾದ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯವೂ ಅದೇ ರಸ್ತೆಯಲ್ಲಿದೆ. ಶಾಲಾಪ್ರವಾಸಗಳು ಯಂತ್ರಗಳನ್ನು ನೋಡಿ ಹಿಂದಿರುಗುವುದೇ ವಾಡಿಕೆ. ಮತ್ತೊಂದು ಗಂಟೆಯ ಬಿಡುವಿದ್ದರೆ ನೀಲಗಿರಿಯ ಬೆಳದಿಂಗಳು ಅಲ್ಲಿಂದ ಕೂಗಳತೆಯ ದೂರದಲ್ಲಿಯೇ ಇದೆ.