ಕಾಣದ ಗೆಳೆಯನಿಗೆ 35 ವರ್ಷ ಬೀಜ ಕಳಿಸಿದ ರೈತ

ಮುಂಗಾರು ಹತ್ತಿರ ಬಂದರೆ ನಮ್ಮ ಕಡೆ ಬೀಜ ಕೊಡೋದು, ತಗೊಳ್ಳೋದು ಜೋರಾಗುತ್ತೆ. ಯಾರೋ ನಾಟಿ ಬದನೆ ಬೀಜ ಕೇಳುತ್ತಾರೆ, ಇನ್ಯಾರೋ ಕವರಿಗೆ ಹಾಕಿ ಕಳಿಸುತ್ತಾರೆ. ತಲುಪುವಷ್ಟರಲ್ಲಿ ಅರ್ಧ ಬೂಸ್ಟು ಹಿಡಿದಿರುತ್ತೆ, ಇಲ್ಲಾ ದಾರೀಲಿ ಒತ್ತಡಕ್ಕೆ ಸಿಕ್ಕಿ ನುಜ್ಜಾಗಿರುತ್ತೆ. ಈ ತಲೆನೋವು ಇವತ್ತಿನದಲ್ಲ. ಸುಮಾರು 290 ವರ್ಷಗಳ ಹಿಂದೆಯೇ ಇದರ ಜೊತೆ ಗುದ್ದಾಡಿ, ಅದರಲ್ಲೇ ಹೆಸರು ಮಾಡಿದ ರೈತನೊಬ್ಬ ಅಮೆರಿಕದಲ್ಲಿದ್ದ. ಹೆಸರು ಜಾನ್ ಬಾರ್ಟ್ರಮ್.

ಹುಟ್ಟಿದ್ದು 1699ರಲ್ಲಿ, ಆಗ ಬ್ರಿಟಿಷರ ಕೈಯಲ್ಲಿದ್ದ ಪೆನ್ಸಿಲ್ವೇನಿಯಾದಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಕೆರೊಲಿನಾ ಕಡೆ ಹೋಗಿ ನೆಲೆಸಿ, ಅಲ್ಲಿನ ಮೂಲನಿವಾಸಿಗಳ ದಾಳಿಯಲ್ಲಿ ಸತ್ತರು. ಹುಡುಗ ಬೆಳೆದದ್ದು ಅಜ್ಜಿಯ ಆಸರೆಯಲ್ಲಿ. ಶಾಲೆ ಅಷ್ಟಕ್ಕಷ್ಟೆ. ಡಿಗ್ರಿ ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಇಂಥವರ ಕಥೆ ಸ್ವಲ್ಪ ಜಾಸ್ತೀನೇ ಇಷ್ಟ ಆಗುತ್ತೆ, ಅದು ಬೇರೆ ಮಾತು. 1728ರಲ್ಲಿ ಫಿಲಡೆಲ್ಫಿಯಾ ಪಕ್ಕ, ಸ್ಕೂಕಲ್ ನದಿ ದಂಡೆಯಲ್ಲಿ 102 ಎಕರೆ ಜಮೀನು ಹರಾಜಿಗೆ ಬಂತು. ಬಾರ್ಟ್ರಮ್ ಅದನ್ನು ಹಿಡಿದು, ತಾನೇ ಕಲ್ಲಿನ ಮನೆ ಕಟ್ಟಿಕೊಂಡ. ಬೇಸಾಯ ಚೆನ್ನಾಗೇ ನಡೀತಿತ್ತು. ಆದರೆ ಕಣ್ಣೆಲ್ಲಾ ಕಾಡಿನ ಗಿಡಗಳ ಮೇಲೆ. ಸಸ್ಯಗಳ ಪುಸ್ತಕ ಓದೋಕೆ ಬೇಕು ಅಂತ ಲ್ಯಾಟಿನ್ ಭಾಷೆಯನ್ನೂ ಒಂದಿಷ್ಟು ಕಲಿತ.

1733ರ ಹೊತ್ತಿಗೆ ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ ಜೊತೆ ಪತ್ರ ವ್ಯವಹಾರ ಶುರುವಾಯ್ತು. ಕಾಲಿನ್ಸನ್‌ಗೆ ತೋಟದ ಹುಚ್ಚು. ಇಂಗ್ಲೆಂಡಿನ ಶ್ರೀಮಂತರಿಗೂ ಆಗ ಅಮೆರಿಕದ ಮರಗಳನ್ನು ತಮ್ಮ ಎಸ್ಟೇಟಿನಲ್ಲಿ ನೆಡುವ ಆಸೆ ಹತ್ತಿತ್ತು. ಬಾರ್ಟ್ರಮ್ ಬೀಜ ಕೂಡಿಹಾಕಿ ಪೆಟ್ಟಿಗೆ ಕಟ್ಟೋದು, ಕಾಲಿನ್ಸನ್ ಅದನ್ನು ಹಂಚೋದು. ಒಂದು ಪೆಟ್ಟಿಗೆಗೆ ಐದು ಗಿನಿ, ಅದರಲ್ಲಿ ನೂರರ ಆಸುಪಾಸು ಬಗೆಯ ಬೀಜ. ಲಾರ್ಡ್ ಪೀಟರ್ ಎಂಬ ಯುವ ಜಮೀನ್ದಾರ ಮೊದಲ ದೊಡ್ಡ ಗಿರಾಕಿ. ಆಮೇಲೆ ಡ್ಯೂಕುಗಳ ಸಾಲೇ ಬಂತು. ದಲ್ಲಾಳಿ ಕೆಲಸ ಮಾಡಿದರೂ ಕಾಲಿನ್ಸನ್ ಇದರಲ್ಲಿ ದುಡ್ಡು ಮಾಡಿಕೊಳ್ಳಲಿಲ್ಲ. ಅವನಿಗೆ ಬೇಕಿದ್ದದ್ದು ಗಿಡ.

ಹೇಳೋಕೆ ಸುಲಭ. ಆಗ ಪಾರ್ಸೆಲ್ ಅಂಚೆಯಿಲ್ಲ, ಹಾಯಿ ಹಡಗು ಮಾತ್ರ. ಅಟ್ಲಾಂಟಿಕ್ ದಾಟೋಕೆ ಒಂದೂವರೆ, ಎರಡು ತಿಂಗಳು, ಗಾಳಿ ಕೈಕೊಟ್ಟರೆ ಇನ್ನೂ ಜಾಸ್ತಿ. ಹಡಗಿನ ತಳದಲ್ಲಿ ಇಟ್ಟರೆ ತೇವ. ಮೇಲೆ ಇಟ್ಟರೆ ಉಪ್ಪುನೀರು. ಎಲ್ಲಿಟ್ಟರೂ ಇಲಿ ತಪ್ಪಿದ್ದಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಬೀಜದ ಬದಲು ಇಲಿಯ ಗೂಡು ಸಿಕ್ಕಿದ್ದೂ ಉಂಟು. ಕ್ಯಾಪ್ಟನ್ನನ ಪರಿಚಯ ಮಾಡಿಕೊಂಡು, ಪೆಟ್ಟಿಗೆಯನ್ನು ಅವನ ಕೋಣೆಯಲ್ಲೇ ಇಡಿಸೋದು ಆಗಿನ ಜಾಣತನ. ಇಷ್ಟೆಲ್ಲಾ ಮಾಡಿದರೂ ಇಂಗ್ಲೆಂಡ್-ಫ್ರಾನ್ಸ್ ಯುದ್ಧ ಬಂದಾಗ ಹಡಗನ್ನೇ ಶತ್ರುಗಳು ಹಿಡಿದುಬಿಡ್ತಿದ್ದರು. ಒಂದು ವರ್ಷ ಕಾಡು ಅಲೆದ ಶ್ರಮ ಅಲ್ಲಿಗೆ ಹೋಯ್ತು.

ಕಟ್ಟುವ ರೀತಿ ಕಲಿತದ್ದು ಹೀಗೆ ಹಾಳಾಗಿ ಹಾಳಾಗಿಯೇ. ಒಣಗುವ ಬೀಜವನ್ನು ಚೆನ್ನಾಗಿ ಒಣಗಿಸಿ, ಬಗೆಬಗೆಗೂ ಬೇರೆ ಕಾಗದದ ಪೊಟ್ಟಣ. ಓಕ್ ಮರದ ಬೀಜಕ್ಕೆ ಅದೇ ರೀತಿ ಮಾಡಿದರೆ ಕಥೆ ಮುಗೀತು, ಯಾಕೆಂದರೆ ಅದು ಪೂರ್ತಿ ಒಣಗಿದರೆ ಸತ್ತೇ ಹೋಗುತ್ತೆ. ಅಂಥದ್ದಕ್ಕೆ ತುಸು ತೇವದ ಮರಳು, ಕಾಡಿನ ಪಾಚಿ. ನಮ್ಮಲ್ಲೂ ಹಲಸಿನ ಬೀಜ, ಮಾವಿನ ವಾಟೆ, ಕೋಕೋ ಬೀಜದ ಹಣೆಬರಹ ಇದೇ. ರಾಗಿ, ಬದನೆ, ಬೆಂಡೆ ಒಣಗಿದಷ್ಟೂ ಬಾಳಿಕೆ. ಹಲಸಿನ ಬೀಜವನ್ನು ಬಿಸಿಲಿಗೆ ಹಾಕಿ ಕಳಿಸಿದರೆ ತಲುಪೋದು ಬರೀ ಹೆಣ. ಸರಿಯಾಗಿ ಒಣಗದ ಬದನೆ ಬೀಜವನ್ನು ಪ್ಲಾಸ್ಟಿಕ್ ಕವರಲ್ಲಿ ಬಿಗಿದರೆ ಬೂಸ್ಟು ಗ್ಯಾರಂಟಿ. ಬೀಜದ ಜಾತಿ ನೋಡಿ ಕಟ್ಟಬೇಕು ಅನ್ನೋದನ್ನು ಬಾರ್ಟ್ರಮ್ ಕೈಯಾರೆ ಮಾಡಿ ಕಲಿತ.

ಗಿಡ ಕಿತ್ತು ತರೋಕೆ ಕಾಲಿನ್ಸನ್ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದ. ಎತ್ತಿನ ಮೂತ್ರಕೋಶದ ಬಾಯಿ ಕತ್ತರಿಸಿ, ಒದ್ದೆ ಮಣ್ಣಿನ ಸಮೇತ ಬೇರನ್ನು ಅದರೊಳಗೆ ಇಳಿಸಿ ಕಟ್ಟಿ, ಕುದುರೆ ಜೀನಿಗೆ ನೇತುಹಾಕೋದು. ಈಗಿನ ನರ್ಸರಿ ಪ್ಯಾಕೆಟ್ಟಿನ ಮುತ್ತಜ್ಜ ಅನ್ನಬಹುದು.

ಇನ್ನೊಂದು ಪದ್ಧತಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಗಿಡದ ಒಣ ಮಾದರಿ ಎರಡು, ಎರಡಕ್ಕೂ ಒಂದೇ ನಂಬರ್. ಒಂದು ಲಂಡನ್ನಿಗೆ, ಇನ್ನೊಂದು ತನ್ನ ಹತ್ತಿರ. ಅಲ್ಲಿನ ಪಂಡಿತರು ನಂಬರ್ ನೋಡಿ ಹೆಸರು ಬರೆದು ಕಳಿಸಿದರೆ, ಇಲ್ಲಿ ರೈತನಿಗೆ ತನ್ನ ಕೈಲಿರೋ ಗಿಡ ಯಾವುದು ಅಂತ ಗೊತ್ತಾಗುತ್ತೆ. ಹೆಸರು, ಊರು, ತಿಂಗಳು ಏನೂ ಬರೆಯದೆ ಬೀಜದ ಪೊಟ್ಟಣ ಕೊಡೋರು ನಮ್ಮಲ್ಲಿ ಈಗಲೂ ಎಷ್ಟು ಜನ!

ಇಬ್ಬರ ನಡುವೆ ಮುನಿಸೂ ಇತ್ತು. ಬೀಜಕ್ಕೆ ಬದಲಾಗಿ ಕಾಲಿನ್ಸನ್ ಆಗಾಗ ಬಟ್ಟೆ ಕಳಿಸುತ್ತಿದ್ದ. ಒಂದ್ಸಲ ಬಂದ ಟೋಪಿಯಲ್ಲಿ ತೂತು ಕಂಡು ಬಾರ್ಟ್ರಮ್ ಗೊಣಗಿದ. ಕಾಲಿನ್ಸನ್‌ಗೂ ಬೇಜಾರಾಯ್ತು. ಆದರೂ ಪೆಟ್ಟಿಗೆ ನಿಲ್ಲಲಿಲ್ಲ. 1768ರಲ್ಲಿ ಕಾಲಿನ್ಸನ್ ಸಾಯುವವರೆಗೆ, ಹತ್ತಿರತ್ತಿರ 35 ವರ್ಷ, ಇದು ನಡೀತು. ಒಬ್ಬರ ಮುಖ ಒಬ್ಬರು ಒಮ್ಮೆಯೂ ನೋಡಲಿಲ್ಲ.

ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಬಾರ್ಟ್ರಮ್‌ನ ಆಪ್ತ. 1770ರಲ್ಲಿ ಲಂಡನ್ನಿನಲ್ಲಿದ್ದಾಗ ಫ್ರಾಂಕ್ಲಿನ್ ಇವನಿಗೆ ಸೋಯಾ ಕಾಳು ಕಳಿಸಿ, ಚೀನಾದವರು ಅದರಿಂದ ಗಿಣ್ಣಿನಂಥದ್ದು ಮಾಡುತ್ತಾರೆ ಅಂತ ತಿಳಿಸಿದ್ದ. ಬೀದರ್, ಬೆಳಗಾವಿ, ಧಾರವಾಡ ಕಡೆ ಈಗ ಹೊಲಗಟ್ಟಲೆ ಬೆಳೆಯೋ ಅದೇ ಸೋಯಾ ಆಗ ಅಲ್ಲಿ ಒಂದು ಹಿಡಿ ಕುತೂಹಲ.

1765ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಬಾರ್ಟ್ರಮ್‌ನನ್ನು ತನ್ನ ಸಸ್ಯ ಸಂಗ್ರಾಹಕನಾಗಿ ನೇಮಿಸಿ, ವರ್ಷಕ್ಕೆ 50 ಪೌಂಡ್ ಗೊತ್ತುಮಾಡಿದ. ಅದೇ ವರ್ಷ, 66ರ ವಯಸ್ಸಿನಲ್ಲಿ, ಮಗ ವಿಲಿಯಂ ಜೊತೆ ದಕ್ಷಿಣಕ್ಕೆ ಹೊರಟ. ಜಾರ್ಜಿಯಾದ ಅಲ್ಟಮಾಹಾ ನದಿ ಬದಿಯಲ್ಲಿ ಇಬ್ಬರೂ ಒಂದು ಹೊಸ ಮರ ಕಂಡರು. ವಿಲಿಯಂ ಮುಂದೆ ಮತ್ತೆ ಆ ಕಡೆ ಹೋಗಿ ಅದರ ಬೀಜ ತಂದ. ಫ್ರಾಂಕ್ಲಿನ್ ಹೆಸರನ್ನೇ ಅದಕ್ಕೆ ಇಟ್ಟರು, ಫ್ರಾಂಕ್ಲಿನಿಯಾ ಅಂತ.

ಬಾರ್ಟ್ರಮ್ ತೀರಿಕೊಂಡದ್ದು 1777ರ ಸೆಪ್ಟೆಂಬರಿನಲ್ಲಿ. ಆಗ ಬ್ರಿಟಿಷ್ ಸೈನ್ಯ ಫಿಲಡೆಲ್ಫಿಯಾ ಕಡೆ ನುಗ್ಗಿ ಬರುತ್ತಿತ್ತು. ತೋಟವನ್ನೆಲ್ಲಿ ತುಳಿದುಹಾಕುತ್ತಾರೋ ಅನ್ನೋ ಕೊರಗು ಕೊನೆ ದಿನಗಳಲ್ಲಿ ಆತನನ್ನು ಕಾಡಿತ್ತು ಅಂತ ಮನೆಯವರು ಹೇಳುತ್ತಿದ್ದರು. ಸೈನ್ಯ ತೋಟವನ್ನು ಹಾಳುಮಾಡಲಿಲ್ಲ. 1781ರಲ್ಲಿ ಅಲ್ಲಿನ ಫ್ರಾಂಕ್ಲಿನಿಯಾ ಮೊದಲ ಬಾರಿ ಬಿಳಿ ಹೂ ಬಿಟ್ಟಿತು. ನೋಡೋಕೆ ಮುದುಕ ಇರಲಿಲ್ಲ.

1803ರ ನಂತರ ಆ ಮರವನ್ನು ಕಾಡಿನಲ್ಲಿ ಕಂಡವರಿಲ್ಲ. ಈಗ ಪ್ರಪಂಚದಲ್ಲಿ ಎಲ್ಲೆಲ್ಲಿ ಫ್ರಾಂಕ್ಲಿನಿಯಾ ಇದೆಯೋ ಅದೆಲ್ಲಾ ಬಾರ್ಟ್ರಮ್ ಮನೆಗೆ ಬಂದ ಆ ಬೀಜದ ಸಂತಾನ. ಸ್ಕೂಕಲ್ ದಂಡೆಯ ಕಲ್ಲಿನ ಮನೆ, ತೋಟ ಎರಡೂ ಇವೆ. ಯಾರು ಬೇಕಾದರೂ ಹೋಗಿ ನೋಡಬಹುದು.