ಎಲ್ಲರನ್ನೂ ಒಳಗೊಂಡು ಆಳಿದ ದಿವಾನ ಸರ್ ಮಿರ್ಜಾ ಇಸ್ಮಾಯಿಲ್

ಮೈಸೂರು ಸಂಸ್ಥಾನದ ಆಡಳಿತ 1881ರಲ್ಲಿ ಮತ್ತೆ ಅರಸರ ಕೈಗೆ ಬಂದ ಮೇಲೆ ಹಲವು ಮಂದಿ ಸಮರ್ಥರು ದಿವಾನರಾದರು. ಅವರಲ್ಲಿ ಶೇಷಾದ್ರಿ ಅಯ್ಯರ್ ಅವರನ್ನು ಬಿಟ್ಟರೆ ಅತಿ ದೀರ್ಘಕಾಲ ಆ ಹುದ್ದೆಯಲ್ಲಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ, ಹದಿನೈದು ವರ್ಷಗಳ ಕಾಲ, ಹಿಂದೂ ಅರಸರ ಮತ್ತು ಬಹುಪಾಲು ಹಿಂದೂ ಪ್ರಜೆಗಳ ಸಂಸ್ಥಾನವನ್ನು ಪರ್ಷಿಯನ್ ಮೂಲದ ಈ ಶಿಯಾ ಮುಸಲ್ಮಾನರು ಮುನ್ನಡೆಸಿದರು. ಬೃಂದಾವನ ಉದ್ಯಾನ, ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ವಿಮಾನ ಕಾರ್ಖಾನೆಗಳ ನೆಪದಲ್ಲಿ ಅವರ ಹೆಸರು ಇಂದಿಗೂ ಕೇಳಿಬರುತ್ತದೆ. ಆದರೆ ಆ ಕೆಲಸಗಳ ಹಿಂದೆ ನಾನಾ ಮತ, ಜಾತಿ, ದೇಶಗಳ ಜನರನ್ನು ಗೌರವದಿಂದ ಜತೆಗೂಡಿಸಿಕೊಂಡ ಒಂದು ರೀತಿಯಿತ್ತು. ಅದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ರೀತಿ ಎಲ್ಲ ಸಂದರ್ಭಗಳಲ್ಲಿಯೂ ಫಲಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಅರಮನೆಯ ಸಹಪಾಠಿ

ಮಿರ್ಜಾ ಅವರ ಪೂರ್ವಜರ ಊರು ಪರ್ಷಿಯಾದ ಶಿರಾಜ್. ಅವರ ತಾತ ಆಲಿ ಆಸ್ಕರ್ 19ನೇ ಶತಮಾನದ ಪೂರ್ವಾರ್ಧದಲ್ಲಿ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಬ್ರಿಟಿಷ್ ಸೇನೆಗೂ ಮೈಸೂರು ಅರಮನೆಗೂ ಕುದುರೆಗಳನ್ನು ಒದಗಿಸಿ ಅವರು ಹೆಸರು ಗಳಿಸಿದರು. ಬೆಂಗಳೂರಿನ ಆಲಿ ಆಸ್ಕರ್ ರಸ್ತೆ ಅವರ ನೆನಪಿನದು. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದರು. ಮಿರ್ಜಾ ಇಸ್ಮಾಯಿಲ್ 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು.

ಚಾಮರಾಜೇಂದ್ರ ಒಡೆಯರ್ ಅವರು 1894ರಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಅವರ ಪುತ್ರ ನಾಲ್ವಡಿ ಕೃಷ್ಣರಾಜ ಒಡೆಯರ್ ಹತ್ತು ವರ್ಷದ ಬಾಲಕ. ಬಾಲ ಮಹಾರಾಜರ ವಿದ್ಯಾಭ್ಯಾಸದ ಹೊಣೆಯನ್ನು ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿಗೆ ಒಪ್ಪಿಸಲಾಯಿತು. ಮಹಾರಾಜರ ಜತೆ ಓದಲೆಂದು ಆಯ್ದ ಕೆಲವೇ ಹುಡುಗರ ತರಗತಿಯಲ್ಲಿ ಮಿರ್ಜಾ ಕೂಡ ಇದ್ದರು. ಒಂದೇ ಕೊಠಡಿಯಲ್ಲಿ ಪಾಠ, ಒಂದೇ ಮೈದಾನದಲ್ಲಿ ಆಟ. ಅಲ್ಲಿ ಬೆಳೆದ ಸ್ನೇಹ ಮಹಾರಾಜರ ಕೊನೆಯವರೆಗೂ ಉಳಿಯಿತು. ಮುಂದೆ ಮಿರ್ಜಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಪದವೀಧರರಾದರು. ಅದೇ ವರ್ಷ ಮೈಸೂರು ಪೊಲೀಸ್ ಇಲಾಖೆಯನ್ನು ಸೇರಿದರು. ಬಳಿಕ ಅರಮನೆಯ ಕಾರ್ಯಾಲಯಕ್ಕೆ ಬಂದು, ಹುಜೂರ್ ಕಾರ್ಯದರ್ಶಿಯಾಗಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ಬಡ್ತಿ ಪಡೆದರು.

ಈ ಅವಧಿಯಲ್ಲಿ ಅವರು ಸರ್ ಎಂ. ವಿಶ್ವೇಶ್ವರಯ್ಯ, ಸರ್ ಎಂ. ಕಾಂತರಾಜ ಅರಸ್, ಸರ್ ಆಲ್ಬಿಯನ್ ಬ್ಯಾನರ್ಜಿ ಈ ಮೂವರು ದಿವಾನರ ಆಡಳಿತವನ್ನು ಹತ್ತಿರದಿಂದ ಕಂಡರು. ಸರಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲು ಬೇಕೆಂಬ ಕೂಗು ಎದ್ದಿದ್ದ ಕಾಲವದು. ಆ ಪ್ರಶ್ನೆಯ ಪರಿಶೀಲನೆಗೆ ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಇದೇ ವಿಷಯದಲ್ಲಿ ಭಿನ್ನಾಭಿಪ್ರಾಯ ಮೂಡಿ ವಿಶ್ವೇಶ್ವರಯ್ಯನವರು ಹುದ್ದೆಯಿಂದ ನಿವೃತ್ತರಾದರು. ಸಂಸ್ಥಾನದಲ್ಲಿ ಯಾವುದೇ ನೇಮಕವನ್ನು ಜಾತಿಯ ಕಣ್ಣಿನಿಂದ ನೋಡುವ ಪರಿಪಾಠ ಹೀಗೆ ಗಟ್ಟಿಯಾಗಿದ್ದಾಗಲೇ, 1926ರ ಮೇ ತಿಂಗಳಲ್ಲಿ, ನಲವತ್ತೆರಡು ವರ್ಷದ ಮಿರ್ಜಾ ದಿವಾನರಾದರು. 1881ರ ನಂತರ ಮುಸಲ್ಮಾನರೊಬ್ಬರು ಆ ಪದವಿಗೆ ಬಂದದ್ದು ಅದೇ ಮೊದಲು.

ಯೋಗ್ಯತೆಗೆ ಮನ್ನಣೆ

ಹೊಸ ದಿವಾನರು ಬ್ರಾಹ್ಮಣರಲ್ಲ, ಬ್ರಾಹ್ಮಣೇತರ ಹಿಂದೂಗಳೂ ಅಲ್ಲ. ಎರಡು ಪಕ್ಷಗಳೂ ಅವರನ್ನು ಅನುಮಾನದಿಂದ ನೋಡಬಹುದಾಗಿತ್ತು. ಇಬ್ಬರಿಗೂ ಅವರು ಮಧ್ಯಸ್ಥರಾಗಲೂ ಸಾಧ್ಯವಿತ್ತು. ಮಿರ್ಜಾ ಎರಡನೆಯ ದಾರಿಯನ್ನು ಹಿಡಿಯಲು ಯತ್ನಿಸಿದರು. ತಮಗಿಂತ ಇಪ್ಪತ್ತೆರಡು ವರ್ಷ ಹಿರಿಯರಾದ ವಿಶ್ವೇಶ್ವರಯ್ಯನವರನ್ನು ಗುರುಸಮಾನರೆಂದು ಭಾವಿಸಿ, ಕೈಗಾರಿಕೆಗಳ ವಿಷಯದಲ್ಲಿ ಅವರ ಹಾದಿಯಲ್ಲೇ ಮುಂದುವರಿದರು. ಹಿಂದಿನ ದಿವಾನರ ಯೋಜನೆಗಳನ್ನು ಬದಿಗೊತ್ತಿ ತಮ್ಮದೇ ಛಾಪು ಮೂಡಿಸುವ ಹಟ ಅವರಲ್ಲಿರಲಿಲ್ಲ.

ಕೆಲಸಕ್ಕೆ ಜನರನ್ನು ಆರಿಸುವಾಗ ಅವರು ಹುಟ್ಟು, ಮತ, ದೇಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ ಅವರ ಆಡಳಿತದಲ್ಲಿಯೇ ನಿದರ್ಶನಗಳು ದೊರೆಯುತ್ತವೆ. ಲಾಲ್‌ಬಾಗ್‌ನ ಮುಖ್ಯಸ್ಥರಾಗಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರ ಪರಿಣತಿ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನಕ್ಕೂ ನಗರಗಳ ಸೌಂದರ್ಯಕ್ಕೂ ಒದಗಿತು. ಕೆನಡಾದಲ್ಲಿ ಜನಿಸಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರು ಮಂಡ್ಯದ ಕಬ್ಬಿನ ರೈತರಿಗಾಗಿ ಸಕ್ಕರೆ ಕಾರ್ಖಾನೆಯ ಯೋಜನೆಯನ್ನು ಮುಂದಿಟ್ಟಾಗ ಮಿರ್ಜಾ ಬೆಂಬಲವಾಗಿ ನಿಂತರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹಿಟ್ಲರನ ಆಡಳಿತದಿಂದಾಗಿ ಜರ್ಮನಿಯನ್ನು ತೊರೆಯಬೇಕಾಗಿ ಬಂದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅವರಿಗೆ 1939ರಲ್ಲಿ ಮೈಸೂರು ಸರಕಾರದಲ್ಲಿ ಕೆಲಸ ದೊರೆಯಿತು. ಸ್ವದೇಶದಲ್ಲಿ ಮತದ ಕಾರಣದಿಂದ ಬಾಗಿಲು ಮುಚ್ಚಿದ್ದವರಿಗೆ ಮೈಸೂರಿನಲ್ಲಿ ವಿದ್ಯೆಯೊಂದೇ ಅರ್ಹತೆಯಾಯಿತು. ಮುಂದೆ ಅವರು ಸ್ವತಂತ್ರ ಭಾರತದ ವಸತಿ ಯೋಜನೆಗಳಲ್ಲಿಯೂ ದುಡಿದರು.

ಸೋಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ತೆರೆಯಲು ಪ್ರಯತ್ನಿಸಿದಾಗ ಮಿರ್ಜಾ ಅದಕ್ಕೆ ಒತ್ತಾಸೆಯಾದರು. ಬ್ರಿಟಿಷ್ ಸರಕಾರ ಒಪ್ಪದ ಕಾರಣ ಅದು ಕೈಗೂಡಲಿಲ್ಲ. ಆದರೆ ಅದೇ ವಾಲ್‌ಚಂದ್ ಅಮೆರಿಕದ ವಿಲಿಯಂ ಪಾಲಿ ಅವರ ನೆರವಿನಿಂದ ವಿಮಾನ ಕಾರ್ಖಾನೆಯ ಯೋಜನೆ ತಂದಾಗ, ಸಂಸ್ಥಾನ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ನೀಡಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾಯಿತು. ಜೈನ ಉದ್ಯಮಿ, ಅಮೆರಿಕದ ತಂತ್ರಜ್ಞ, ಮುಸಲ್ಮಾನ ದಿವಾನ, ಹಿಂದೂ ಅರಸ ಇವರೆಲ್ಲರ ಕೂಡುಪ್ರಯತ್ನದಿಂದ ಬೆಂಗಳೂರು ವಿಮಾನಗಳ ನಗರವಾಯಿತು.

ರಾಜಕೀಯದಲ್ಲಿಯೂ ಇದೇ ಧೋರಣೆ ಕಾಣುತ್ತದೆ. 1927ರಲ್ಲಿ ಅಸ್ವಸ್ಥರಾಗಿದ್ದ ಮಹಾತ್ಮ ಗಾಂಧಿಯವರು ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ, ಆನಂತರ ಬೆಂಗಳೂರಿಗೆ ಬಂದಾಗ ಸಂಸ್ಥಾನ ಅವರನ್ನು ಅತಿಥಿಯಾಗಿ ಸತ್ಕರಿಸಿತು. ಬ್ರಿಟಿಷರ ಅಧೀನದ ಸಂಸ್ಥಾನವೊಂದು ಬ್ರಿಟಿಷರ ಎದುರಾಳಿಯನ್ನು ಹೀಗೆ ಗೌರವಿಸುವುದು ಸುಲಭದ ಮಾತಾಗಿರಲಿಲ್ಲ. ಗಾಂಧೀಜಿ ಮತ್ತು ಮಿರ್ಜಾ ಅವರ ಸ್ನೇಹ ಅಲ್ಲಿಂದಾಚೆಗೂ ಮುಂದುವರಿಯಿತು. ಅದೇ ವರ್ಷ ಬದನವಾಳಿನಲ್ಲಿ ಖಾದಿ ಕೇಂದ್ರ ಆರಂಭವಾಗಿ ಗ್ರಾಮದ ಹೆಂಗಸರಿಗೆ ನೂಲುವ ಕೆಲಸ ದೊರೆಯಿತು.

ಸುಲ್ತಾನಪೇಟೆಯ ಅಗ್ನಿಪರೀಕ್ಷೆ

ದಿವಾನರಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಮಿರ್ಜಾ ಅವರಿಗೆ ಕಠಿಣ ಪರೀಕ್ಷೆ ಎದುರಾಯಿತು. 1928ರ ಜುಲೈನಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಸರಕಾರಿ ಶಾಲೆಯ ಆವರಣದಲ್ಲಿದ್ದ ಗಣೇಶನ ವಿಗ್ರಹದ ವಿಚಾರವಾಗಿ ವಿವಾದ ಹುಟ್ಟಿತು. ವಿದ್ಯಾರ್ಥಿಗಳ ಮೆರವಣಿಗೆ, ಮುಖಂಡರ ಬಂಧನ, ಕೊನೆಗೆ ಹಿಂದೂ ಮುಸ್ಲಿಮರ ನಡುವೆ ಘರ್ಷಣೆಯವರೆಗೆ ಅದು ಬೆಳೆಯಿತು. ದಿವಾನರು ತಮ್ಮ ಮತದವರ ಪರ ವಹಿಸುತ್ತಿದ್ದಾರೆಂಬ ಆಪಾದನೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಕೇಳಿಬಂತು. ಪತ್ರಿಕೆಗಳ ಮೇಲೆ ಸರಕಾರ ಬಿಗಿ ಕ್ರಮ ಕೈಗೊಂಡದ್ದು ಅಸಮಾಧಾನವನ್ನು ಇನ್ನಷ್ಟು ಹೆಚ್ಚಿಸಿತು.

ಇಂತಹ ಸನ್ನಿವೇಶದಲ್ಲಿ ಸರಕಾರ ವಿಚಾರಣೆಯ ಹೊಣೆಯನ್ನು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಗೆ ವಹಿಸಿತು. ಅವರ ನಿಷ್ಪಕ್ಷಪಾತ ಬುದ್ಧಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅವರು ದಿವಾನರ ಮುಖ ನೋಡಿ ಬರೆಯುವವರೂ ಅಲ್ಲ. ನಿರೀಕ್ಷೆಯಂತೆಯೇ ಸಮಿತಿ ಆಡಳಿತದ ಲೋಪಗಳನ್ನು ಎತ್ತಿ ತೋರಿಸಿತು. ಅದರಿಂದ ಗುರು ಶಿಷ್ಯರ ಸಂಬಂಧ ಕಡಿದುಹೋಗಲಿಲ್ಲ. ಮುಂದಿನ ದಶಕದ ಕೈಗಾರಿಕಾ ಯೋಜನೆಗಳಲ್ಲಿ ಇಬ್ಬರೂ ಜತೆಯಾಗಿಯೇ ದುಡಿದರು. ಮಹಾರಾಜರ ವಿಶ್ವಾಸವೂ ಅಲುಗಲಿಲ್ಲ. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ತಾವೇ ಶಂಕುಸ್ಥಾಪನೆ ಮಾಡಿದ ಆ ಅರಸರು, ದಿವಾನರ ಮತವನ್ನು ಅವರ ಯೋಗ್ಯತೆಯ ಜತೆ ಬೆರೆಸಿ ನೋಡಿದವರಲ್ಲ. ಸುಲ್ತಾನಪೇಟೆಯ ಗಲಭೆ ಮಿರ್ಜಾ ಅವರಿಗೆ ಕಲಿಸಿದ ಪಾಠವೆಂದರೆ, ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದ ಆಡಳಿತಗಾರ ನ್ಯಾಯವಾಗಿ ನಡೆದರಷ್ಟೇ ಸಾಲದು, ಆ ನ್ಯಾಯ ಜನರ ಕಣ್ಣಿಗೆ ಕಾಣುವಂತಿರಬೇಕು ಎಂಬುದು. ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರ ದೂರುಗಳನ್ನು ಕೇಳುವುದು, ಹಳ್ಳಿಗಳಲ್ಲಿ ಪ್ರವಾಸ ಮಾಡುವುದು, ಮುಂಜಾನೆ ನಗರದ ಬೀದಿಗಳಲ್ಲಿ ತಾವೇ ಸಂಚರಿಸಿ ಚರಂಡಿ, ದೀಪ, ಉದ್ಯಾನಗಳನ್ನು ಪರಿಶೀಲಿಸುವುದು ಅವರ ದಿನಚರಿಯ ಭಾಗವಾಯಿತು.

ವಿದುರಾಶ್ವತ್ಥದ ಕಹಿ

ಸಮುದಾಯಗಳ ನಡುವೆ ಸಮತೋಲ ಕಾಯ್ದ ದಿವಾನರು ಜವಾಬ್ದಾರಿ ಸರಕಾರದ ಬೇಡಿಕೆಯನ್ನು ಎದುರಿಸುವಲ್ಲಿ ಎಡವಿದರು. 1937ರಲ್ಲಿ ಬ್ರಾಹ್ಮಣೇತರರ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾದ ಮೇಲೆ ಚಳವಳಿಗೆ ಹಳ್ಳಿಗಳ ಬಲ ಬಂತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಿಷೇಧಾಜ್ಞೆಯನ್ನು ಧಿಕ್ಕರಿಸಿ ರಾಷ್ಟ್ರಧ್ವಜ ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯ ಬಗ್ಗೆ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಭಾರಿ ಅಂತರವಿತ್ತು. ಮೈಸೂರಿನ ಜಲಿಯನ್‌ವಾಲಾಬಾಗ್ ಎಂದೇ ಆ ಘಟನೆ ಹೆಸರಾಯಿತು. ಜಾತಿಮತಗಳ ಭೇದವೆಣಿಸದ ಆಡಳಿತದಲ್ಲಿ ಬಡ ರೈತರು ಒಂದು ಬಾವುಟಕ್ಕಾಗಿ ಪ್ರಾಣ ತೆರಬೇಕಾಯಿತು. ಮಿರ್ಜಾ ಅವರ ದಿವಾನಗಿರಿಯ ಮೇಲಿನ ಈ ಕಲೆ ಎಂದೂ ಅಳಿಯಲಿಲ್ಲ.

ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಮಿರ್ಜಾ ಅವರೊಡನೆ ಮಾತುಕತೆಗೆ ಕುಳಿತು ಒಪ್ಪಂದಕ್ಕೆ ಬರಲಾಯಿತು. ಸಂಸ್ಥಾನದ ಧ್ವಜದ ಜತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದು ಸರಕಾರ ಒಪ್ಪಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಆದರೆ ನಿಜವಾದ ಅಧಿಕಾರ ಹಸ್ತಾಂತರದ ಮಾತು ಮುಂದೆ ಸಾಗದ ಕಾರಣ 1939ರಲ್ಲಿ ಸತ್ಯಾಗ್ರಹ ಮತ್ತೆ ಆರಂಭವಾಯಿತು. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ನಿಧನರಾದರು. ಬಾಲ್ಯದ ಗೆಳೆಯನನ್ನು ಕಳೆದುಕೊಂಡ ಮಿರ್ಜಾ 1941ರಲ್ಲಿ ರಾಜೀನಾಮೆ ನೀಡಿದರು.

ಜಯಪುರದಲ್ಲಿ ಗೆಲುವು, ಹೈದರಾಬಾದಿನಲ್ಲಿ ಸೋಲು

1942ರಲ್ಲಿ ಜಯಪುರದ ಮಹಾರಾಜರು ಅವರನ್ನು ಪ್ರಧಾನಿಯನ್ನಾಗಿ ಆಹ್ವಾನಿಸಿದರು. ರಜಪೂತ ಸಂಸ್ಥಾನವೊಂದರ ಜಹಗೀರುದಾರರು, ಸಂಪ್ರದಾಯಸ್ಥರ ನಡುವೆ ದಕ್ಷಿಣದ ಮುಸಲ್ಮಾನರೊಬ್ಬರು ಹೊಂದಿಕೊಂಡಾರೇ ಎಂಬ ಶಂಕೆ ಹಲವರಿಗಿದ್ದೀತು. ಆದರೆ ಅವರು ಆ ನಗರದ ಪುರಾತನ ಸೊಬಗನ್ನು ಉಳಿಸಿ, ಗೋಡೆಗಳಾಚೆಗೆ ಹೊಸ ಬಡಾವಣೆಗಳನ್ನು ಬೆಳೆಸಿದರು. ನಗರದ ಮುಖ್ಯ ಬೀದಿಗೆ ಅವರ ಹೆಸರನ್ನೇ ಇಡಲಾಯಿತು, ಎಂ.ಐ. ರೋಡ್ ಎಂದು ಜಯಪುರದ ಜನ ಕರೆಯುವುದು ಅದನ್ನೇ. 1945ರಲ್ಲಿ ಅವರ ಆತಿಥ್ಯದಲ್ಲಿ ಅಲ್ಲಿ ನಡೆದ ಅಖಿಲ ಭಾರತ ಲೇಖಕರ ಸಮ್ಮೇಳನಕ್ಕೆ ಜವಾಹರಲಾಲ್ ನೆಹರೂ, ಸರೋಜಿನಿ ನಾಯ್ಡು, ಇಂಗ್ಲೆಂಡಿನ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಬಂದಿದ್ದರು.

1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಕರೆಸಿಕೊಂಡರು. ಬೀದರ, ಗುಲ್ಬರ್ಗಾ, ರಾಯಚೂರುಗಳ ಕನ್ನಡಿಗರೂ ಆ ಸಂಸ್ಥಾನದ ಪ್ರಜೆಗಳು. ಮೈಸೂರಿಗೆ ತದ್ವಿರುದ್ಧವಾಗಿ ಅಲ್ಲಿ ಅರಸ ಮುಸಲ್ಮಾನ, ಪ್ರಜೆಗಳಲ್ಲಿ ಬಹುಸಂಖ್ಯಾತರು ಹಿಂದೂಗಳು. ಹಿಂದೂ ಸಂಸ್ಥಾನಗಳಲ್ಲಿ ಮನ್ನಣೆ ಪಡೆದ ಮಿರ್ಜಾ ಅವರನ್ನು ಅಲ್ಲಿ ವಿರೋಧಿಸಿದವರು ಅವರದೇ ಮತದ ರಾಜಕೀಯ ನಾಯಕರು. ಮಹಮ್ಮದ್ ಅಲಿ ಜಿನ್ನಾ ಅವರಿಗೆ ಈ ನೇಮಕ ಹಿಡಿಸಲಿಲ್ಲ. ಪಾಕಿಸ್ತಾನದ ಕಲ್ಪನೆಯನ್ನೇ ಒಪ್ಪದ ವ್ಯಕ್ತಿ ಹೈದರಾಬಾದಿನ ಚುಕ್ಕಾಣಿ ಹಿಡಿಯುವುದು ಇತ್ತೆಹಾದುಲ್ ಮುಸಲ್ಮೀನ್ ಸಂಘಟನೆಗೂ ಬೇಕಿರಲಿಲ್ಲ. ಭಾರತದೊಡನೆ ಸೌಹಾರ್ದದಿಂದ ಒಪ್ಪಂದಕ್ಕೆ ಬರುವುದೇ ವಿವೇಕವೆಂಬ ಅವರ ಸಲಹೆ ನಿಜಾಮರ ದರಬಾರಿನಲ್ಲಿ ಒಂಟಿ ದನಿಯಾಯಿತು. ಒಂದು ವರ್ಷ ತುಂಬುವ ಮುನ್ನವೇ, 1947ರ ಮೇ ತಿಂಗಳಲ್ಲಿ, ಅವರು ಹುದ್ದೆ ತೊರೆದರು. ಮುಂದಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಕಲ್ಯಾಣ ನಾಡಿನ ಹಳ್ಳಿಗಳು ಬಲಿಯಾದವು. 1948ರ ಸೆಪ್ಟೆಂಬರ್‌ನಲ್ಲಿ ಭಾರತ ಸೇನೆಯ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು. ಮಿರ್ಜಾ ಹೇಳಿದ ದಾರಿಯನ್ನು ಹಿಡಿದಿದ್ದರೆ ಇಷ್ಟೊಂದು ರಕ್ತ ಹರಿಯದೆಯೂ ಅದೇ ಗುರಿಯನ್ನು ಮುಟ್ಟಬಹುದಾಗಿತ್ತು.

ನಂತರ ಅವರು ಬೆಂಗಳೂರಿಗೆ ಮರಳಿದರು. ದೇಶ ವಿಭಜನೆಯಾದಾಗ ಗಡಿಯಾಚೆಗೆ ಹೋಗುವ ಯೋಚನೆ ಮಾಡದೆ ಹುಟ್ಟೂರಿನಲ್ಲಿಯೇ ಉಳಿದರು. ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಬರೆದು 1954ರಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಮಿರ್ಜಾ ಅವರು ಪ್ರಜಾಪ್ರಭುತ್ವವಾದಿಯಾಗಿರಲಿಲ್ಲ. ಜನರಿಗೆ ಒಳಿತು ಮಾಡಬೇಕೆಂಬ ಕಳಕಳಿ ಇದ್ದರೂ, ಆ ಒಳಿತನ್ನು ನಿರ್ಧರಿಸುವ ಅಧಿಕಾರವನ್ನು ಜನರಿಗೆ ಬಿಟ್ಟುಕೊಡಲು ಅವರು ಹಿಂಜರಿದರು. ವಿದುರಾಶ್ವತ್ಥವನ್ನು ಮರೆತು ಅವರನ್ನು ಹೊಗಳಲಾಗದು. ಹಾಗೆಯೇ, ತಮ್ಮದಲ್ಲದ ಮತದ ಅರಸರಿಗೆ ನಿಷ್ಠೆಯಿಂದ ದುಡಿದು, ತಮ್ಮದೇ ಮತದ ಉಗ್ರವಾದಕ್ಕೆ ಮಣಿಯದೆ, ಕೆಲಸ ಬಲ್ಲವರು ಯಾವ ಕುಲದವರಾದರೂ ಆದರಿಸಿದ ಆಡಳಿತಗಾರರನ್ನು ಈ ನಾಡು ಮರೆಯುವುದೂ ನ್ಯಾಯವಲ್ಲ.